ಎಂಸಿಬಿ ಬದಲಿಸುವ ಮುನ್ನ ಸಾಕೆಟ್ ನೋಡಿ

ಯಂತ್ರ ಚಾಲೂ ಮಾಡಿದೊಡನೆ ಎಂಸಿಬಿ ಟ್ರಿಪ್ ಆಗುತ್ತಿದ್ದರೆ 16 ಆಂಪಿಯರಿನದನ್ನು ಕಿತ್ತು 32 ಆಂಪಿಯರಿನದನ್ನು ಕೂರಿಸುವುದು ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳ ಸಣ್ಣ ಕಾರ್ಯಾಗಾರಗಳಿಗೆ ಸುಲಭವಾಗಿ ತೋಚುವ ಪರಿಹಾರ. ಕೆಲಸವೇನೋ ನಿಲ್ಲುವುದಿಲ್ಲ. ಆದರೆ ಗೋಡೆಯ ಮೇಲಿನ ಸಾಕೆಟ್ 16 ಆಂಪಿಯರಿನದಾಗಿಯೇ ಉಳಿಯುತ್ತದೆ.

ಕೈಗಾರಿಕಾ ಸಾಕೆಟ್‌ಗಳ ಮೇಲೆ ನಮೂದಿಸಿರುವ 16, 32, 63 ಅಥವಾ 125 ಎಂಬ ಅಂಕಿ, ಅವು ತಾಳಬಲ್ಲ ವಿದ್ಯುತ್ ಪ್ರವಾಹದ ಮಿತಿ. ಒಂದೇ ಸಾಕೆಟ್‌ನಿಂದ ಎರಡು ಮೂರು ಯಂತ್ರಗಳಿಗೆ ಎಕ್ಸ್‌ಟೆನ್ಷನ್ ಎಳೆದು 30 ಆಂಪಿಯರ್ ಹರಿಸಿದರೂ 32ರ ಎಂಸಿಬಿ ಮಿಸುಕಾಡದು. ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 16ರ ಸಾಕೆಟ್‌ನೊಳಗೆ ಮಿತಿಯ ಮೂರೂವರೆ ಪಟ್ಟು ಶಾಖ ಹುಟ್ಟುತ್ತದೆ. ಸಂಪರ್ಕ ಸಡಿಲವಾದಷ್ಟೂ ಅದು ಹೆಚ್ಚುತ್ತದೆ. ಮುಂದಿನದು ಬೆಂಕಿ.

ಹಾಗಿದ್ದರೆ ಪದೇ ಪದೇ ಟ್ರಿಪ್ ಆಗುವುದಕ್ಕೆ ಮದ್ದೇನು? ಮೋಟಾರುಗಳು ಚಾಲನೆಯ ಕ್ಷಣದಲ್ಲಿ ಹಲವು ಪಟ್ಟು ಪ್ರವಾಹ ಸೆಳೆಯುತ್ತವೆ. 'ಸಿ' ಮಾದರಿಯ ಎಂಸಿಬಿ 5ರಿಂದ 10 ಪಟ್ಟಿನೊಳಗೆ ತತ್‌ಕ್ಷಣ ಕಡಿತಗೊಂಡರೆ, 'ಡಿ' ಮಾದರಿಯದು 10ರಿಂದ 20 ಪಟ್ಟಿನವರೆಗೆ ತಾಳಿಕೊಳ್ಳುತ್ತದೆ. ಅರ್ಥಿಂಗ್ ಸಮರ್ಪಕವಾಗಿದೆಯೇ ಎಂದು ಪರೀಕ್ಷಿಸಿ, ಅದೇ 16 ಆಂಪಿಯರಿನ 'ಡಿ' ಮಾದರಿ ಬಳಸಬಹುದು. ಹೊರೆಯೇ ಹೆಚ್ಚಿದ್ದರೆ ಕೇಬಲ್, ಸಾಕೆಟ್, ಪ್ಲಗ್ ಎಲ್ಲವನ್ನೂ 32ಕ್ಕೆ ಏರಿಸಬೇಕು.

ಎಂಸಿಬಿಯ ಅಂಕಿ ಸಾಕೆಟ್‌ನ ಅಂಕಿಯನ್ನು ಮೀರಕೂಡದು. ಪ್ರತಿ ಸಾಕೆಟ್‌ನ ಪಕ್ಕದಲ್ಲಿ ಅದರ ಎಂಸಿಬಿಯ ಅಂಕಿ ಬರೆಸುವುದನ್ನು ವಿದ್ಯುತ್ ಪರಿವೀಕ್ಷಕರು ಕಡ್ಡಾಯಗೊಳಿಸಲಿ. ಈ ಪುಟ್ಟ ಖರ್ಚಿಗೆ ಹಿಂಜರಿಯುವ ಮಾಲೀಕರು, ಆ ಪ್ಲಗ್ಗಿಗೆ ದಿನವೂ ಕೈ ಹಾಕುವ ಕಾರ್ಮಿಕನನ್ನು ಒಮ್ಮೆ ನೆನೆಯಬೇಕು.