ಮಣ್ಣಿನ ಊಟಕ್ಕೆ ಬೆಂಕಿ ಬೇಡ

ಸಾವಳಗಿಯ ಹೊಲದಲ್ಲಿ ನಿಂತಾಗ ನಿಮ್ಮ ಕಾಲ ಕೆಳಗಿನ ಎರೆಮಣ್ಣು ಉಸಿರಾಡುತ್ತಿದೆ ಎಂದರೆ ನೀವು ನಗಬಹುದು. ಆದರೆ ಇದು ನಿಜ. ಬೇರುಗಳು, ಎರೆಹುಳುಗಳು, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಣ್ಣಿನೊಳಗೆ ಆಮ್ಲಜನಕ ಬಳಸಿ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತವೆ. ಇದೇ ಮಣ್ಣಿನ ಉಸಿರಾಟ. ಇಡೀ ಭೂಮಿಯ ಲೆಕ್ಕ ಹಿಡಿದರೆ ಇದು ನಮ್ಮ ವಾಹನ, ಕಾರ್ಖಾನೆಗಳು ಬಿಡುವುದಕ್ಕಿಂತ ಹಲವು ಪಟ್ಟು ಹೆಚ್ಚು!

‘ಹಾಗಾದರೆ ತಪ್ಪು ಮಣ್ಣಿನದೇ ಅಲ್ಲವೇ?’ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮಣ್ಣು ಬಿಟ್ಟದ್ದನ್ನು ಗಿಡಗಳು ಆಹಾರ ತಯಾರಿಸಲು ಪಡೆಯುತ್ತವೆ. ಅವುಗಳ ಎಲೆ, ಬೇರು ಕಳಿತು ಮತ್ತೆ ಮಣ್ಣು ಸೇರುತ್ತವೆ. ಈ ಕೊಡುಕೊಳ್ಳುವ ಲೆಕ್ಕ ಸಾವಿರಾರು ವರ್ಷ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ನಾವು ಕಲ್ಲಿದ್ದಲು, ಪೆಟ್ರೋಲಿಯಂ ಸುಟ್ಟು ಸೇರಿಸುವುದು ಈ ಲೆಕ್ಕದ ಹೊರಗಿನದು. ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದಲ್ಲಿ 1958ರಲ್ಲಿ ಅಳತೆ ಆರಂಭವಾದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಭಾಗ ಇಂಗಾಲದ ಡೈಆಕ್ಸೈಡ್ ಇತ್ತು. 2024ರಲ್ಲಿ ಅದು 420ನ್ನು ದಾಟಿತ್ತು.

ಈಗ ಚಿಕ್ಕಮಗಳೂರು ಜಿಲ್ಲೆಯ ಮುಳ್ಳಯ್ಯನಗಿರಿಗೆ ಹೋಗೋಣ. ಸುಮಾರು 1,930 ಮೀಟರ್ ಎತ್ತರದ ಇದು ನಮ್ಮ ರಾಜ್ಯದ ಅತಿ ಎತ್ತರದ ಶಿಖರ. ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು ಆರು ಡಿಗ್ರಿ ಇಳಿಯುತ್ತದೆ. ತಂಪಿನಲ್ಲಿ ಸೂಕ್ಷ್ಮಜೀವಿಗಳ ಕೆಲಸ ನಿಧಾನ. ಹುಲ್ಲು ಮತ್ತು ಶೋಲಾ ಕಾಡಿನ ಎಲೆ ಪೂರ್ತಿ ಕಳಿಯುವ ಮೊದಲೇ ಮೇಲೆ ಮತ್ತಷ್ಟು ಬೀಳುತ್ತದೆ. ಹೀಗೆ ಅಲ್ಲಿನ ಮಣ್ಣಿನಲ್ಲಿ ಇಂಗಾಲ ಠೇವಣಿಯಂತೆ ಕೂಡುತ್ತದೆ. ಹುಲ್ಲಿನ ಗುಡ್ಡಗಳನ್ನು ‘ಖಾಲಿ ಜಾಗ’ ಎನ್ನುವವರು ಈ ಠೇವಣಿಯನ್ನು ನೋಡಿಲ್ಲ, ಅಷ್ಟೇ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಮಣ್ಣಿನ ಉಸಿರಾಟ ಸುಮಾರು ಎರಡು ಪಟ್ಟಾಗುತ್ತದೆ. ಆದ್ದರಿಂದಲೇ ಭೂಮಿ ಬಿಸಿಯಾದಂತೆ ಹಿಮಾಲಯ, ಟಿಬೆಟ್‌ಗಳಂಥ ತಂಪು ಎತ್ತರಗಳ ಮಣ್ಣಿನ ಬಗ್ಗೆ ವಿಜ್ಞಾನಿಗಳಿಗೆ ಚಿಂತೆ.

ನಮ್ಮ ಜಮಖಂಡಿ ಸೀಮೆಯದು ಬೇರೆ ಕಥೆ. ಎರೆಮಣ್ಣು ಕಪ್ಪಗಿದೆ ಎಂದು ಅದರಲ್ಲಿ ಇಂಗಾಲ ತುಂಬಿದೆ ಎಂದುಕೊಳ್ಳಬೇಡಿ. ಇಲ್ಲಿನ ಬಿಸಿಲಿಗೆ ಕಳಿಯುವುದು ಬೇಗ, ಉಳಿಯುವುದು ಕಡಿಮೆ. ಇಂಥ ಮಣ್ಣಿಗೆ ಕಬ್ಬಿನ ರವದಿಯೇ ಒಳ್ಳೆಯ ಊಟ. ಆದರೆ ಕಟಾವು ಮುಗಿದ ಮೇಲೆ ಎಷ್ಟೋ ಹೊಲಗಳಲ್ಲಿ ಅದಕ್ಕೆ ಬೆಂಕಿ ಹಚ್ಚುತ್ತಾರೆ. ರವದಿಯ ಇಂಗಾಲವೂ ಸಾರಜನಕವೂ ಕೆಲವೇ ನಿಮಿಷದಲ್ಲಿ ಹೊಗೆಯಾಗಿ ಹೋಗುತ್ತವೆ, ಮೇಲ್ಪದರದ ಜೀವಿಗಳೂ ಸಾಯುತ್ತವೆ. ರವದಿಯನ್ನು ಕೊಳೆಯಲು ಬಿಟ್ಟರೂ ಅದರ ಹೆಚ್ಚಿನ ಇಂಗಾಲ ಗಾಳಿಗೇ ಹೋಗುತ್ತದೆ ನಿಜ. ಆದರೆ ಮೊದಲು ಮಣ್ಣಿನ ಜೀವಿಗಳ ಹೊಟ್ಟೆ ತುಂಬಿಸಿ ಹೋಗುತ್ತದೆ, ಸ್ವಲ್ಪ ಭಾಗ ಮಣ್ಣಿನಲ್ಲೇ ಉಳಿಯುತ್ತದೆ.

ರೈತರ ಕಷ್ಟವೂ ಸಣ್ಣದಲ್ಲ. ರವದಿ ಬೇಗ ಕೊಳೆಯುವುದಿಲ್ಲ, ನೀರು ಹಾಯಿಸಲು ಅಡ್ಡ, ಆಳು ಸಿಗುವುದು ಕಷ್ಟ. ಆದರೂ ಸಾಲು ಬಿಟ್ಟು ಸಾಲಿಗೆ ಹೊದಿಸಿದರೆ ಕುಳೆ ಕಬ್ಬಿಗೆ ತೇವ ಉಳಿಯುತ್ತದೆ, ಕಳೆಯೂ ಕಡಿಮೆ. ಮನೆಯಲ್ಲಿ ಅಪ್ಪನಿಗೆ ಒಂದೇ ಒಂದು ಮೂಲೆಯಲ್ಲಿ ಹೀಗೆ ಮಾಡಿ ನೋಡಲು ಹೇಳಿ. ‘ನಿನಗೇನು ಗೊತ್ತು?’ ಎಂದು ಗದರಿದರೆ ಈ ಪ್ರಯೋಗ ತೋರಿಸಿ.

ಮೂರು ಬಾಟಲಿಗಳನ್ನು ತೆಗೆದುಕೊಳ್ಳಿ. ಒಂದಕ್ಕೆ ರವದಿ ಕೊಳೆತ ಜಾಗದ ಹಸಿ ಮಣ್ಣು, ಇನ್ನೊಂದಕ್ಕೆ ಸುಟ್ಟ ಜಾಗದ ಅಷ್ಟೇ ಹಸಿ ಮಣ್ಣು ಹಾಕಿ. ಮೂರನೆಯದು ಖಾಲಿ ಇರಲಿ. ಪ್ರತಿಯೊಂದರೊಳಗೂ ಚಿಕ್ಕ ಬಟ್ಟಲಲ್ಲಿ ತಿಳಿ ಸುಣ್ಣದ ನೀರು ಇಟ್ಟು ಮುಚ್ಚಳ ಬಿಗಿ ಮಾಡಿ. ಸುಣ್ಣದ ನೀರನ್ನು ದೊಡ್ಡವರೇ ತಯಾರಿಸಲಿ, ಕಣ್ಣಿಗೆ ತಾಗಬಾರದು. ಮರುದಿನ ಯಾವ ಬಟ್ಟಲಿನ ನೀರು ಹೆಚ್ಚು ಹಾಲಿನಂತಾಗಿದೆ ಎಂದು ಅಪ್ಪನ ಜೊತೆ ಕುಳಿತು ನೋಡಿ.