ಪಾರ್ಸೆಲ್ ಬಂದಿದೆ, ಬಿಚ್ಚೋರು ಯಾರು?

ಅನುಮಾನಾಸ್ಪದ ವಸ್ತು ಅಂದ್ರೆ ನಮಗೆ ನೆನಪಾಗೋದು ಮೆಟ್ರೋ ಸ್ಟೇಷನ್ನಿನ ಅನೌನ್ಸ್‌ಮೆಂಟ್. ಕೇಳಿ ಕೇಳಿ ಕಿವಿ ಜಡ್ಡುಗಟ್ಟಿದೆ. ಆದರೆ ಅಂಚೆ ಬಾಂಬುಗಳ ಅತಿ ಕುಖ್ಯಾತ ಪ್ರಕರಣ ಶುರುವಾಗಿದ್ದು ಸ್ಟೇಷನ್ನಿನಲ್ಲಲ್ಲ, ಕಾಲೇಜು ಕ್ಯಾಂಪಸ್ಸಿನಲ್ಲಿ, ಅದೂ ಎಂಜಿನಿಯರಿಂಗ್ ಮೇಷ್ಟ್ರುಗಳ ಹೆಸರಿನಲ್ಲಿ.

1978ರ ಮೇ ತಿಂಗಳು. ಶಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದ ಪಾರ್ಕಿಂಗ್ ಜಾಗದಲ್ಲಿ ಒಂದು ಪಾರ್ಸೆಲ್ ಸಿಕ್ಕಿತು. ಕಳಿಸಿದವರ ವಿಳಾಸದಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಮೆಟೀರಿಯಲ್ಸ್ ಪ್ರೊಫೆಸರ್ ಒಬ್ಬರ ಹೆಸರಿತ್ತು. ಹಾಗಾಗಿ ಅದು ಅವರಿಗೇ 'ವಾಪಸ್' ಹೋಯಿತು. ತಾವು ಕಳಿಸೇ ಇಲ್ಲದ ಪಾರ್ಸೆಲ್ ನೋಡಿ ಅವರು ಬಿಚ್ಚಲಿಲ್ಲ, ಕ್ಯಾಂಪಸ್ ಪೊಲೀಸರಿಗೆ ಹೇಳಿದರು. ಅಲ್ಲಿಗೆ ಎಲ್ಲವೂ ಸರಿಯಾಗೇ ನಡೆದಿತ್ತು. ಬಂದ ಪೊಲೀಸ್ ಅಧಿಕಾರಿ ಪಾರ್ಸೆಲ್ ಬಿಚ್ಚಿದರು. ಅದು ಸಿಡಿದು ಅವರ ಕೈಗೆ ಗಾಯವಾಯಿತು.

ಇದು ಮುಂದೆ 'ಯೂನಾಬಾಂಬರ್' ಎಂದು ಹೆಸರಾದವನ ಮೊದಲ ಬಾಂಬ್. 1995ರವರೆಗೆ ನಡೆದ ಈ ಸರಣಿಯಲ್ಲಿ 3 ಜನ ಸತ್ತರು, 23 ಜನ ಗಾಯಗೊಂಡರು. 1985ರಲ್ಲಿ ಬರ್ಕ್ಲಿಯ ಕಂಪ್ಯೂಟರ್ ಲ್ಯಾಬಿನಲ್ಲಿ ಯಾರೋ ಮರೆತು ಹೋದಂತೆ ಬಿದ್ದಿದ್ದ ಬೈಂಡರನ್ನು ತೆರೆದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಕೈಬೆರಳುಗಳನ್ನು ಕಳೆದುಕೊಂಡ. ಗಗನಯಾತ್ರಿ ಆಗಬೇಕು ಅಂದುಕೊಂಡಿದ್ದವನು.

ನಮಗೆ ಇಲ್ಲಿ ಕಾಡೋದು ಬಾಂಬಿಗಿಂತ ಹೆಚ್ಚಾಗಿ ಆ ಕ್ಯಾಂಪಸ್ ಪೊಲೀಸ್ ಅಧಿಕಾರಿ. ಅನುಮಾನ ಬಂದದ್ದು ಒಬ್ಬರಿಗೆ, ಏಟು ಬಿದ್ದದ್ದು ಇನ್ನೊಬ್ಬರಿಗೆ. 2001ರ ಆಂಥ್ರಾಕ್ಸ್ ಪತ್ರಗಳ ಕತೆಯೂ ಹೀಗೇ. ಅಮೆರಿಕದ ಸೆನೆಟರ್ ಒಬ್ಬರ ಕಚೇರಿಯಲ್ಲಿ ಅಕ್ಟೋಬರ್ 15ರಂದು ಪುಡಿ ತುಂಬಿದ ಪತ್ರ ತೆರೆದರು. ಅಲ್ಲಿನ ಸಿಬ್ಬಂದಿಗೆ ಬೇಗನೆ ಆಂಟಿಬಯೋಟಿಕ್ ಸಿಕ್ಕಿತು. ಅದೇ ಪತ್ರ ಹಾದು ಬಂದಿದ್ದ ವಾಷಿಂಗ್ಟನ್ನಿನ ಬ್ರೆಂಟ್‌ವುಡ್ ಅಂಚೆ ಕೇಂದ್ರದಲ್ಲಿ ಮಾತ್ರ ಅಕ್ಟೋಬರ್ 21ರವರೆಗೆ ಕೆಲಸ ನಡೀತಾನೇ ಇತ್ತು. ಅಂಟಿಸಿದ ಲಕೋಟೆಯಿಂದ ಪುಡಿ ಹೊರಗೆ ಬರಲ್ಲ ಅನ್ನೋ ನಂಬಿಕೆ. ವಿಂಗಡಿಸುವ ಯಂತ್ರ ಲಕೋಟೆಯನ್ನು ಒತ್ತಿದಾಗ ಕಾಗದದ ಸಣ್ಣ ರಂಧ್ರಗಳಿಂದಲೇ ಪುಡಿ ಹೊರಬಿದ್ದಿತ್ತು. ಅಲ್ಲಿನ ಇಬ್ಬರು ನೌಕರರು ಸತ್ತರು. ಪತ್ರ ತೆರೆದ ಸೆನೆಟ್ ಕಚೇರಿಯಲ್ಲಿ ಯಾರೂ ಸಾಯಲಿಲ್ಲ.

ಈಗ ನಮ್ಮ ಗೇಟಿಗೆ ಬರೋಣ. ಆನ್‌ಲೈನ್ ಸೇಲ್ ಶುರುವಾದರೆ ಸೆಕ್ಯುರಿಟಿ ಅಣ್ಣನ ಕುರ್ಚಿಗೂ ಜಾಗ ಇರದಷ್ಟು ಡಬ್ಬಗಳು. ಅರ್ಧದ ಮೇಲೆ ಹೆಸರು ಅಳಿಸಿರುತ್ತೆ, ರೂಮ್ ನಂಬರೇ ಇರಲ್ಲ. 'ಅಣ್ಣಾ, ಸ್ವಲ್ಪ ಬಿಚ್ಚಿ ನೋಡಿ, ನಂದೇನಾ ಅಂತ' ಎಂದು ಫೋನಲ್ಲೇ ಹೇಳುವವರು ನಮ್ಮಲ್ಲೇ ಇದ್ದೇವೆ. ಇದು ನಿಲ್ಲಬೇಕು. ಪುಡಿಯೋ ಬಾಂಬೋ ಬರುವ ಸಾಧ್ಯತೆ ತೀರಾ ಕಡಿಮೆ, ಒಪ್ಪಿದ್ವಿ. ಆದರೆ ಲ್ಯಾಬಿಗೆ ತರಿಸಿದ ಆಸಿಡ್ ಬಾಟಲಿ ಸೋರುವುದು, ಪ್ರಾಜೆಕ್ಟಿಗೆ ತರಿಸಿದ ಲಿಥಿಯಂ ಬ್ಯಾಟರಿ ಊದಿಕೊಳ್ಳುವುದು ಅಷ್ಟೇನೂ ಅಪರೂಪವಲ್ಲ. ಅದೂ ಮೊದಲು ಅದೇ ಅಣ್ಣನ ಕೈಗೇ ಬರೋದು.

ನಿಯಮಗಳು ಕಷ್ಟದವಲ್ಲ. ಕಳಿಸಿದವರು ಯಾರಂತ ಗೊತ್ತಿಲ್ಲ, ಎಣ್ಣೆ ಕಲೆ, ವಿಚಿತ್ರ ವಾಸನೆ, ಅತಿಯಾಗಿ ಸುತ್ತಿದ ಟೇಪು, ಹೊರಗೆ ಕಾಣೋ ವೈರು ಇದ್ದರೆ ಅಲ್ಲಾಡಿಸಬಾರದು, ಮೂಸಬಾರದು, ಬೇರೆ ಕಡೆ ಒಯ್ಯಬಾರದು. ಪುಡಿ ಚೆಲ್ಲಿದರೆ ಗುಡಿಸದೆ ಫ್ಯಾನು ಆರಿಸಿ, ಹೊರಬಂದು ಬಾಗಿಲು ಹಾಕಿ, ಸೋಪು ನೀರಲ್ಲಿ ಕೈ ತೊಳೀಬೇಕು. ಎಲ್ಲರನ್ನೂ ದೂರ ಕಳಿಸಿ, ದೂರ ಹೋದ ಮೇಲೆಯೇ 112ಕ್ಕೆ ಫೋನ್. ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕೋದು ಈ ಪಟ್ಟಿಯಲ್ಲಿಲ್ಲ!

ಇದನ್ನೆಲ್ಲ ನಮಗಿಂತ ಮೊದಲು ಗೇಟಿನವರಿಗೆ, ಲ್ಯಾಬ್ ಅಟೆಂಡರ್‌ಗಳಿಗೆ, ಕಸ ಗುಡಿಸುವ ಅಕ್ಕಂದಿರಿಗೆ ಕನ್ನಡದಲ್ಲಿ ಹೇಳಬೇಕು. ಈಗ ನೋಟಿಸ್ ಬೋರ್ಡಿನಲ್ಲಿರುವ ಸುರಕ್ಷತಾ ಸೂಚನೆ ಪೂರ್ತಿ ಇಂಗ್ಲಿಷಿನಲ್ಲಿದೆ. ಒಂದು ಪುಟ ಕನ್ನಡದಲ್ಲಿ ಬರೆದುಕೊಡೋಕೆ ನಮ್ಮ ಸಂಘ ತಯಾರಿದೆ. ಅಂಟಿಸೋಕೆ ಆಡಳಿತದವರು ಅನುಮತಿ ಕೊಡಲಿ. ಅಲ್ಲೀತನಕ ನಮ್ಮ ಡಬ್ಬ ನಾವೇ ಹೋಗಿ ತರೋಣ, ವಿಳಾಸದಲ್ಲಿ ರೂಮ್ ನಂಬರ್ ಬರೆಯೋಣ.