ತೀರ್ಪು ಬಂತು, ದುಡ್ಡು ಬಂತೆ?

ಮುಸ್ಲಿಂ ಮಹಿಳೆಯ ಜೀವನಾಂಶದ ಕುರಿತು ಸುಪ್ರೀಂ ಕೋರ್ಟಿನ ತೀರ್ಪು ಬಂದಾಗಲೆಲ್ಲ ನಮ್ಮಲ್ಲಿ ಎರಡು ಕೂಗುಗಳು ಏಳುತ್ತವೆ. ‘ಶರೀಅತ್ ಅಪಾಯದಲ್ಲಿದೆ’ ಎಂಬುದು ಒಂದು. ‘ಮುಸ್ಲಿಂ ಸಹೋದರಿಯರಿಗೆ ಬಿಡುಗಡೆ ಸಿಕ್ಕಿತು’ ಎಂಬುದು ಇನ್ನೊಂದು. ವಿಚ್ಛೇದಿತ ಮುಸ್ಲಿಂ ಮಹಿಳೆಯೂ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ಜೀವನಾಂಶ ಕೇಳಬಹುದೆಂದು 2024ರ ಜುಲೈ 10ರಂದು ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಆಗಸ್ಟಿನ್ ಜಾರ್ಜ್ ಮಸೀಹ್ ಹೇಳಿದಾಗಲೂ ಆದದ್ದು ಇದೇ. ವ್ಯಾಖ್ಯಾನಗಳಿಗೆ ಬರವಿರಲಿಲ್ಲ. ನಾವು ಕೇಳುವುದು ಒಂದೇ ಪ್ರಶ್ನೆ: ಆ ಹೆಣ್ಣುಮಗಳ ಕೈಗೆ ದುಡ್ಡು ಬಂತೆ?

ಈ ಜಗಳ ಹಳೆಯದು. ಇಂದೋರಿನ ಶಾಬಾನು ಅವರ ಗಂಡ ವಕೀಲ. 1979ರಲ್ಲಿ ಮ್ಯಾಜಿಸ್ಟ್ರೇಟರು ಆಕೆಗೆ ಕೊಡಿಸಿದ್ದು ತಿಂಗಳಿಗೆ 25 ರೂಪಾಯಿ. ಹೈಕೋರ್ಟು ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. 1985ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಾಗ ಎದ್ದ ಬಿರುಗಾಳಿಯಲ್ಲಿ 1986ರ ಕಾಯ್ದೆ ಹುಟ್ಟಿತು. ಆ ಕಾಯ್ದೆಯ ಪ್ರಕಾರವೂ ಗಂಡನ ಹೊಣೆ ಇದ್ದತ್‌ನೊಂದಿಗೆ ಮುಗಿಯುವುದಿಲ್ಲ, ಆಕೆಯ ಮುಂದಿನ ಬದುಕಿಗೆ ಬೇಕಾದದ್ದನ್ನು ಆ ಅವಧಿಯೊಳಗೇ ಕೊಡಬೇಕು ಎಂದು ಡ್ಯಾನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2001ರಲ್ಲೇ ಹೇಳಿತ್ತು. ಹೀಗಿರುವಾಗ 2024ರಲ್ಲಿ ಆಕಾಶ ಕಳಚಿ ಬಿದ್ದದ್ದಾದರೂ ಏಕೆ?

ದಿಲ್ಲಿಯ ಗದ್ದಲ ಬಿಟ್ಟು ನಮ್ಮ ಜಿಲ್ಲೆಗೆ ಬನ್ನಿ. ದೊಡ್ಡಗದ್ದವಳ್ಳಿಯ ಕಡೆಯಿಂದ ಕೂಲಿ ಮಾಡುವ ಹೆಣ್ಣುಮಗಳೊಬ್ಬಳು ಹಾಸನದ ಕೋರ್ಟಿಗೆ ಬರುತ್ತಾಳೆ ಎಂದುಕೊಳ್ಳಿ. ಶಕ್ತಿ ಯೋಜನೆಯಿಂದ ಬಸ್ಸಿನ ದುಡ್ಡು ಉಳಿದೀತು, ಪ್ರತಿ ವಾಯಿದೆಗೂ ಹೋಗುವ ಕೂಲಿ ಉಳಿಯುವುದಿಲ್ಲ. ತಿಂಗಳಿಗೆ ಇಷ್ಟೆಂದು ಆದೇಶವಾದ ಮೇಲೂ ಗಂಡ ಕೊಡದಿದ್ದರೆ ಬಾಕಿಗಾಗಿ ಮತ್ತೆ ಅರ್ಜಿ. ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಆ ಹಣಕ್ಕೆ ವಾರಂಟು ಹೊರಡುವುದಿಲ್ಲ. ಇದನ್ನು ಆಕೆಗೆ ಹೇಳಿದವರು ಯಾರು? 2024ರ ಜುಲೈ 1ರಿಂದ 125ನೇ ಕಲಮಿನ ಜಾಗಕ್ಕೆ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು ಬಂದಿದೆ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸು ತಲುಪಿದ 60 ದಿನಗಳಲ್ಲಿ, ಸಾಧ್ಯವಾದ ಮಟ್ಟಿಗೆ, ತೀರ್ಮಾನಿಸಬೇಕು. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಸಲ್ಲಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ, ರಜನೇಶ್ ಪ್ರಕರಣದಲ್ಲಿ, ಹೇಳಿದೆ. ಪುಸ್ತಕದಲ್ಲಿ ಎಲ್ಲವೂ ಇದೆ. ಆಕೆಯ ಪಕ್ಕದ ಬೆಂಚಿನಲ್ಲಿ ಹಿಂದೂ ಹೆಣ್ಣುಮಗಳೂ ಇಂಥದೇ ಬಾಕಿಗಾಗಿ ಕುಳಿತಿರುತ್ತಾಳೆ. ಹಸಿವಿಗೆ ಯಾವ ಜಾತಿ?

ಬಿಡುಗಡೆಯ ಮಾತಾಡುವವರಿಗೆ ಒಂದು ಮಾತು. 2019ರ ಕಾಯ್ದೆ ತ್ರಿವಳಿ ತಲಾಕ್ ಹೇಳಿದವನಿಗೆ ಮೂರು ವರ್ಷದವರೆಗೆ ಜೈಲು ಎನ್ನುತ್ತದೆ. ಹೆಂಡತಿ ಮಕ್ಕಳಿಗೆ ಜೀವನಭತ್ಯೆ ಕೊಡಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ದಿನಗೂಲಿಯವನು ಜೈಲಿನೊಳಗೆ ಕುಳಿತು ಅದನ್ನು ಎಲ್ಲಿಂದ ತರಬೇಕು?

ಇನ್ನು ನಮ್ಮವರಿಗೆ. ತಲಾಕ್ ಪಡೆದವಳಿಗೆ ನ್ಯಾಯೋಚಿತವಾಗಿ ಕೊಟ್ಟು ಕಳಿಸುವುದು ದೇವಭಯವುಳ್ಳವರ ಹೊಣೆಯೆಂದು ಸೂರಃ ಅಲ್‌ಬಕರದ 241ನೇ ಆಯತ್ ಸಾರುತ್ತದೆ. ಶರೀಅತ್ ಉಳಿಸಲು ಬೀದಿಗಿಳಿದವರು ಈ ಆಯತ್‌ಗಾಗಿ ಎಷ್ಟು ಸಲ ಇಳಿದಿದ್ದೀರಿ? ತವರಿಗೆ ಮರಳಿದವಳಿಗೆ ‘ಸಬರ್ ಕರೋ ಬೇಟಿ’ ಎನ್ನುವ ಹಿರಿಯರು ಅವಳ ಗಂಡನಿಗೆ ‘ಅವಳ ಹಕ್ಕು ಕೊಡು ಬೇಟಾ’ ಎಂದು ಗಟ್ಟಿಯಾಗಿ ಹೇಳಿದ್ದನ್ನು ನಾವು ಕೇಳಿದ್ದು ಬಹಳ ಕಡಿಮೆ. ಸಹನೆ ಹೆಣ್ಣಿಗೆ ಮಾತ್ರ ಫರ್ಜ್ ಆದದ್ದು ಯಾವಾಗ?

ಭಾಷಣ ಸಾಕು. ಕೆಲಸವಿದೆ. ಮಹ್ರ್ ಎಷ್ಟು, ಸಂದಿತೇ ಬಾಕಿಯೇ ಎಂಬುದನ್ನು ಜಮಾಅತ್‌ಗಳು ನಿಕಾಹ್ ದಫ್ತರದಲ್ಲಿ ಸ್ಪಷ್ಟವಾಗಿ ಬರೆಯಲಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರು ಸಿಗಬೇಕು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಮಸೀದಿಗಳಲ್ಲಿ ಜುಮಾ ನಮಾಜಿನ ನಂತರ ಇಷ್ಟನ್ನು ಹೇಳಲು ಎರಡು ನಿಮಿಷ ಸಾಕು. ವಾಯಿದೆಯ ದಿನ ಆಕೆಯ ಜೊತೆ ಓದುಬರಹ ಬಲ್ಲ ಒಬ್ಬರು ಹೋಗಲಿ. ಅಷ್ಟು ಮಾಡಲಾಗದಿದ್ದರೆ, ಆಕೆಯ ಹೆಸರಿನಲ್ಲಿ ಕೂಗುವುದನ್ನಾದರೂ ನಿಲ್ಲಿಸೋಣ.